ಕುಶಲ ಕಾರ್ಮಿಕರ ಕೊರತೆ ಮತ್ತು ವಲಸೆ ಕಾರ್ಮಿಕರು: ಸಣ್ಣ ಉದ್ಯಮಿಗಳಿಗೊಂದು ಅಧ್ಯಯನ

ದೀಪಾವಳಿ ಮುಗಿದು ಛಠ್ ಪೂಜೆಯ ದಿನಗಳು ಸಮೀಪಿಸಿದಂತೆ ಬೆಂಗಳೂರಿನ ಪೀಣ್ಯ, ಬೊಮ್ಮಸಂದ್ರಗಳಿಂದ ಮೊದಲ್ಗೊಂಡು ಬೆಳಗಾವಿಯ ಎರಕದ ಕಾರ್ಖಾನೆಗಳವರೆಗೆ ಅನೇಕ ಸಣ್ಣ ಘಟಕಗಳಲ್ಲಿ ಯಂತ್ರಗಳ ಸದ್ದು ತಗ್ಗುತ್ತದೆ. ಬಿಹಾರ, ಜಾರ್ಖಂಡ್, ಉತ್ತರ ಪ್ರದೇಶ, ಒಡಿಶಾ ಮುಂತಾದ ರಾಜ್ಯಗಳಿಂದ ಬಂದ ಕೆಲಸಗಾರರು ಊರಿಗೆ ತೆರಳುತ್ತಾರೆ. ಅವರಲ್ಲಿ ಎಷ್ಟು ಮಂದಿ ಮರಳಿ ಬರುವರು, ಬಂದವರಲ್ಲಿ ಎಷ್ಟು ಮಂದಿ ಅದೇ ಘಟಕಕ್ಕೆ ಬರುವರು ಎಂಬುದು ಮಾಲೀಕರಿಗೆ ಖಚಿತವಾಗಿ ತಿಳಿಯದು. ಗ್ರಾಹಕರಿಗೆ ಒಪ್ಪಿಕೊಂಡ ಸರಬರಾಜಿನ ದಿನಾಂಕವಂತೂ ಯಾರಿಗಾಗಿಯೂ ಕಾಯುವುದಿಲ್ಲ. ಕುಶಲ ಕಾರ್ಮಿಕರ ಕೊರತೆಯೆಂಬ ಸಮಸ್ಯೆ ಸಣ್ಣ ಉದ್ಯಮಿಯ ಪಾಲಿಗೆ ಅಂಕಿ ಅಂಶಗಳ ಪುಸ್ತಕದಲ್ಲಿಲ್ಲ. ಅದು ಇಂತಹ ದಿನಗಳಲ್ಲಿ ಖಾಲಿ ನಿಂತ ಯಂತ್ರದ ಮುಂದಿದೆ.

ಈ ಸಮಸ್ಯೆಯನ್ನು ಎರಡು ಬೇರೆ ಬೇರೆ ವಿಷಯಗಳೆಂಬಂತೆ ನೋಡುವುದು ರೂಢಿಯಾಗಿದೆ. ಕೌಶಲದ ಕೊರತೆ ತರಬೇತಿ ಸಂಸ್ಥೆಗಳಿಗೆ ಸಂಬಂಧಿಸಿದ್ದೆಂದೂ, ವಲಸೆ ಕಾರ್ಮಿಕರ ಸ್ಥಿತಿಗತಿ ಕಾರ್ಮಿಕ ಇಲಾಖೆಗೆ ಸಂಬಂಧಿಸಿದ್ದೆಂದೂ ಭಾವಿಸಲಾಗುತ್ತದೆ. ವಾಸ್ತವವಾಗಿ ಇವೆರಡೂ ಒಂದೇ ನಾಣ್ಯದ ಎರಡು ಮುಖಗಳು. ದೂರದ ಊರಿನಿಂದ ಬಂದವನು ಕೆಲಸ ಕಲಿತು ನೆಲೆನಿಂತರೆ ಕೌಶಲ ಉಳಿಯುತ್ತದೆ. ನೆಲೆನಿಲ್ಲದೆ ಹೋದರೆ ಅವನೊಂದಿಗೆ ಕೌಶಲವೂ ಹೋಗುತ್ತದೆ. ಈ ಸಂಬಂಧವನ್ನು ಉದ್ಯಮಿಯ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕೊರತೆ ಕೈಗಳದಲ್ಲ, ಕೌಶಲದ್ದು

ದೇಶದಲ್ಲಿ ದುಡಿಯುವ ವಯಸ್ಸಿನ ಜನರಿಗೆ ಅಭಾವವಿಲ್ಲ. ಅಭಾವವಿರುವುದು ವಿಧಿವತ್ತಾಗಿ ಕೆಲಸ ಕಲಿತವರಿಗೆ. ಕೇಂದ್ರ ಸರ್ಕಾರವು 2015ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಕೌಶಲ ನೀತಿಯ ಪ್ರಕಾರ, ಒಟ್ಟು ಕಾರ್ಮಿಕರಲ್ಲಿ ವಿಧಿವತ್ತಾದ ಕೌಶಲ ತರಬೇತಿ ಪಡೆದವರ ಪ್ರಮಾಣ ಆಗ ಶೇ. 4.69 ಮಾತ್ರವಿತ್ತು. ಅದೇ ನೀತಿಯು ಹೋಲಿಕೆಗಾಗಿ ನೀಡಿದಂತೆ ಈ ಪ್ರಮಾಣ ಜಪಾನಿನಲ್ಲಿ ಶೇ. 80 ಹಾಗೂ ದಕ್ಷಿಣ ಕೊರಿಯಾದಲ್ಲಿ ಶೇ. 96. ಉಳಿದವರು ಕೆಲಸ ಕಲಿತಿಲ್ಲವೆಂದು ಇದರ ಅರ್ಥವಲ್ಲ. ಅವರು ಮೇಸ್ತ್ರಿಯ ಪಕ್ಕದಲ್ಲಿ ನಿಂತು, ನೋಡಿ, ಪೆಟ್ಟು ತಿಂದು ಕಲಿತವರು. ಹೀಗೆ ಕಲಿತ ವಿದ್ಯೆಗೆ ಪ್ರಮಾಣಪತ್ರವಿಲ್ಲ. ಆದ್ದರಿಂದ ಹೊಸ ಊರಿಗೆ ಬಂದಾಗ ಅದಕ್ಕೆ ಬೆಲೆಯೂ ಇಲ್ಲ. ಆರು ವರ್ಷ ವೆಲ್ಡಿಂಗ್ ಮಾಡಿದವನೂ ಹೊಸ ಘಟಕದಲ್ಲಿ ಸಹಾಯಕನಾಗಿಯೇ ಮತ್ತೆ ಆರಂಭಿಸಬೇಕಾಗುತ್ತದೆ.

ಇನ್ನೊಂದೆಡೆ ಸ್ಥಳೀಯ ಯುವಕರು ಕಾರ್ಖಾನೆಯ ಕೆಲಸಕ್ಕೆ ಬರುತ್ತಿಲ್ಲವೆಂಬ ಆಕ್ಷೇಪಣೆ ಸರ್ವೇಸಾಮಾನ್ಯವಾಗಿದೆ. ಆರಂಭದ ವೇತನ ಕಡಿಮೆ, ಪಾಳಿಯ ವೇಳೆಗೆ ಬಸ್ಸಿನ ಅನುಕೂಲವಿಲ್ಲ, ಎರಕ ಹಾಗೂ ಫೋರ್ಜಿಂಗ್ ಘಟಕಗಳಲ್ಲಿ ಬಿಸಿ ಮತ್ತು ಧೂಳು, ಮುಂದೆ ಬಡ್ತಿ ದೊರೆಯುವ ಭರವಸೆಯಿಲ್ಲ. ವಸ್ತು ವಿತರಣೆಯ ಕೆಲಸವೋ ವಾಹನ ಚಾಲನೆಯೋ ಅದೇ ಆದಾಯವನ್ನು ಹೆಚ್ಚಿನ ಸ್ವಾತಂತ್ರ್ಯದೊಂದಿಗೆ ಕೊಡುವಾಗ ಯುವಕರು ಅತ್ತ ಹೊರಳುವುದು ಸಹಜ. ಈ ತೆರವನ್ನೇ ವಲಸೆ ಕಾರ್ಮಿಕರು ತುಂಬುತ್ತಿದ್ದಾರೆ. ಬೆಂಗಳೂರಿನ ಸಿದ್ಧ ಉಡುಪು ಘಟಕಗಳು, ಕೊಡಗಿನ ಕಾಫಿ ತೋಟಗಳು, ನಗರಗಳ ಕಟ್ಟಡ ನಿರ್ಮಾಣ, ಹೋಟೆಲು ಉದ್ಯಮ ಇವೆಲ್ಲ ಇಂದು ಹೊರರಾಜ್ಯದ ದುಡಿಮೆಯನ್ನು ಅವಲಂಬಿಸಿವೆ.

ಈ ಸಂದರ್ಭದಲ್ಲಿ ಮತ್ತೊಂದು ಸಂಗತಿಯನ್ನು ಮರೆಯಲಾಗದು. ಕರ್ನಾಟಕವು ವಲಸೆಗಾರರನ್ನು ಸ್ವೀಕರಿಸುವ ರಾಜ್ಯ ಮಾತ್ರವಲ್ಲ, ಕಳುಹಿಸುವ ರಾಜ್ಯವೂ ಹೌದು. ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳ ಜನ ಮುಂಬಯಿ, ಪುಣೆ, ಗೋವಾಗಳಿಗೆ ದುಡಿಯಲು ಹೋಗುತ್ತ ಬಂದಿದ್ದಾರೆ. ಕರಾವಳಿಯವರು ಮುಂಬಯಿಯಲ್ಲಿ ಹೋಟೆಲು ಉದ್ಯಮವನ್ನೇ ಕಟ್ಟಿದರು. ಪರಊರಿನಲ್ಲಿ ತನ್ನವರಿಗೆ ಯಾವ ನಡತೆಯನ್ನು ಬಯಸಲಾಗುತ್ತದೆಯೋ ಅದೇ ನಡತೆಯನ್ನು ಇಲ್ಲಿಗೆ ಬಂದವರಿಗೂ ತೋರುವುದು ನ್ಯಾಯ.

ಮೂರು ಪ್ರಸಂಗಗಳು ಕಲಿಸಿದ ಪಾಠ

ವಲಸೆ ಕಾರ್ಮಿಕರು ಊರಿನಲ್ಲಿ ಬೇರೂರದಿದ್ದರೆ ಉದ್ಯಮಕ್ಕೆ ಎಂತಹ ನಷ್ಟವಾಗುತ್ತದೆಂಬುದನ್ನು ಮೂರು ಪ್ರಸಂಗಗಳು ತೋರಿಸಿಕೊಟ್ಟಿವೆ.

ಮೊದಲನೆಯದು 2012ರ ಆಗಸ್ಟ್ ತಿಂಗಳಿನದು. ಮೊಬೈಲ್ ಸಂದೇಶಗಳ ಮೂಲಕ ಹಬ್ಬಿದ ಸುಳ್ಳು ವದಂತಿಗಳಿಂದ ಭಯಗೊಂಡು ಈಶಾನ್ಯ ರಾಜ್ಯಗಳ ಸಹಸ್ರಾರು ಜನ ಕೆಲವೇ ದಿನಗಳಲ್ಲಿ ಬೆಂಗಳೂರನ್ನು ತೊರೆದರು. ರೈಲ್ವೆಯು ಗುವಾಹಟಿಗೆ ವಿಶೇಷ ರೈಲುಗಳನ್ನು ಓಡಿಸಬೇಕಾಯಿತು. ಹೋಟೆಲುಗಳು, ಭದ್ರತಾ ಸಂಸ್ಥೆಗಳು, ಅಂಗಡಿಗಳು ಏಕಾಏಕಿ ಕೆಲಸಗಾರರನ್ನು ಕಳೆದುಕೊಂಡವು. ಎರಡನೆಯದು 2020ರದು. ಮಾರ್ಚ್ 25ರಂದು ಆರಂಭವಾದ ಲಾಕ್‌ಡೌನ್ ಕಾಲದಲ್ಲಿ ದೇಶದಾದ್ಯಂತ ಒಂದು ಕೋಟಿಗೂ ಅಧಿಕ ವಲಸೆ ಕಾರ್ಮಿಕರು ಊರಿಗೆ ಮರಳಿದರೆಂದು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿತು. ಆ ವರ್ಷದ ಮೇ ತಿಂಗಳ ಮೊದಲ ವಾರದಲ್ಲಿ ಕರ್ನಾಟಕ ಸರ್ಕಾರವು ಕಾರ್ಮಿಕರ ವಿಶೇಷ ರೈಲುಗಳಿಗೆ ಸಲ್ಲಿಸಿದ್ದ ಬೇಡಿಕೆಯನ್ನು ಹಿಂಪಡೆದು, ವ್ಯಾಪಕ ಟೀಕೆಯ ನಂತರ ಮತ್ತೆ ರೈಲು ಸಂಚಾರಕ್ಕೆ ಸಮ್ಮತಿಸಿತು. ಕೆಲಸಗಾರರನ್ನು ತಡೆದು ನಿಲ್ಲಿಸಿದರೆ ಕೆಲಸ ಸಾಗುತ್ತದೆಂಬ ಎಣಿಕೆ ಫಲಿಸಲಿಲ್ಲ. ಮೂರನೆಯದು 2023ರ ಮಾರ್ಚ್ ತಿಂಗಳಲ್ಲಿ ನೆರೆಯ ತಮಿಳುನಾಡಿನಲ್ಲಿ ನಡೆದದ್ದು. ಬಿಹಾರದ ಕಾರ್ಮಿಕರ ಮೇಲೆ ಹಲ್ಲೆಯಾಗುತ್ತಿದೆಯೆಂದು ಬಿಂಬಿಸುವ ಸುಳ್ಳು ವಿಡಿಯೋಗಳು ಹರಡಿ, ತಿರುಪ್ಪೂರು, ಕೊಯಮತ್ತೂರುಗಳ ಉದ್ಯಮಿಗಳು ಕಳವಳಗೊಂಡರು. ಬಿಹಾರದಿಂದ ಅಧಿಕಾರಿಗಳ ತಂಡವೇ ಬಂದು ಪರಿಶೀಲಿಸಿತು.

ಮೂರೂ ಪ್ರಸಂಗಗಳ ಹಿಂದೆ ಇದ್ದುದು ಒಂದೇ ಕಾರಣ. ಸಂಕಟದ ಹೊತ್ತಿನಲ್ಲಿ ನಂಬಿ ವಿಚಾರಿಸಬಹುದಾದ ಒಬ್ಬ ಸ್ಥಳೀಯನೂ ಆ ಕಾರ್ಮಿಕನಿಗೆ ಪರಿಚಯವಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಗುತ್ತಿಗೆದಾರ ಮಾತ್ರ; ಗುತ್ತಿಗೆದಾರನ ದೂರವಾಣಿ ಸ್ತಬ್ಧವಾದಾಗ ಅವನಿಗೆ ರೈಲು ನಿಲ್ದಾಣವೊಂದೇ ದಾರಿಯಾಯಿತು.

ಲೆಕ್ಕದ ಪುಸ್ತಕದಲ್ಲಿ ಕಾಣದ ಖರ್ಚು

ಕೆಲಸಗಾರ ಬಿಟ್ಟುಹೋಗುವುದರಿಂದ ಆಗುವ ವೆಚ್ಚ ಯಾವ ಲೆಕ್ಕಪತ್ರದಲ್ಲಿಯೂ ಪ್ರತ್ಯೇಕ ಶೀರ್ಷಿಕೆಯಡಿ ಕಾಣುವುದಿಲ್ಲ. ಆದ್ದರಿಂದ ಅದು ಇಲ್ಲವೆಂದೇ ಭಾವಿಸಲಾಗುತ್ತದೆ. ವಿಷಯ ಸ್ಪಷ್ಟವಾಗಲೆಂದು ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳಬಹುದು.

ಲೇತ್ ಮತ್ತು ಸಿಎನ್‌ಸಿ ಯಂತ್ರಗಳಿರುವ ಒಂದು ಘಟಕದಲ್ಲಿ 20 ಮಂದಿ ವಲಸೆ ಕೆಲಸಗಾರರಿದ್ದಾರೆ, ಮಾಸಿಕ ವೇತನ ತಲಾ ರೂ. 20,000 ಎಂದು ಭಾವಿಸೋಣ. ಹೊಸಬನು ಮೊದಲ ಮೂರು ತಿಂಗಳು ಅರ್ಧದಷ್ಟು ಉತ್ಪಾದನೆಯನ್ನಷ್ಟೇ ಕೊಟ್ಟರೆ ವೇತನದ ಬಾಬ್ತು ರೂ. 30,000 ನಷ್ಟ. ಅವನಿಗೆ ಕಲಿಸಲು ಹಿರಿಯ ಕೆಲಸಗಾರನು 75 ದಿನಗಳ ಕಾಲ ದಿನಕ್ಕೊಂದು ಗಂಟೆ ವ್ಯಯಿಸಿದರೆ, ಗಂಟೆಗೆ ರೂ. 120ರಂತೆ ರೂ. 9,000. ಕೆಟ್ಟುಹೋದ ಬಿಡಿಭಾಗಗಳಿಗೆ ರೂ. 6,000, ಹೊಸಬನನ್ನು ಕರೆತಂದ ಗುತ್ತಿಗೆದಾರನ ಕಮಿಷನ್ ರೂ. 5,000. ಒಬ್ಬನು ಬಿಟ್ಟು ಇನ್ನೊಬ್ಬನು ಬಂದರೆ ಒಟ್ಟು ರೂ. 50,000 ಖರ್ಚು. ವರ್ಷಕ್ಕೆ 10 ಮಂದಿ ಬಿಟ್ಟರೆ ರೂ. 5,00,000.

ಈಗ ಅದೇ ಘಟಕವು ಪ್ರತಿಯೊಬ್ಬನಿಗೂ ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ವೆಚ್ಚ ರೂ. 3,000 ಹಾಗೂ ಬಾಡಿಗೆಗೆ ತಿಂಗಳಿಗೆ ರೂ. 500 ಸಹಾಯ ನೀಡಿದರೆ ತಲಾ ರೂ. 9,000, ಒಟ್ಟು ರೂ. 1,80,000 ಆಗುತ್ತದೆ. ಬಿಡುವವರ ಸಂಖ್ಯೆ 10ರಿಂದ 6ಕ್ಕೆ ಇಳಿದರೆ ರೂ. 2,00,000 ಉಳಿಯುತ್ತದೆ, ಖರ್ಚು ಕಳೆದು ಲಾಭ ರೂ. 20,000 ಮಾತ್ರ. ಸಂಖ್ಯೆ 4ಕ್ಕೆ ಇಳಿದರೆ ಲಾಭ ರೂ. 1,20,000. ಮೂವರನ್ನಷ್ಟೇ ಉಳಿಸಿಕೊಂಡರೆ ರೂ. 30,000 ನಷ್ಟ. ಸೌಲಭ್ಯ ಕೊಟ್ಟ ಮಾತ್ರಕ್ಕೆ ಲಾಭ ತಾನಾಗಿ ಬರುವುದಿಲ್ಲ. ಸೌಲಭ್ಯವು ಕೆಲಸಗಾರನ ನಿಜವಾದ ತೊಂದರೆಯನ್ನು ನಿವಾರಿಸಿದಾಗ ಮಾತ್ರ ಬರುತ್ತದೆಂಬುದು ಇದರಿಂದ ವಿದಿತವಾಗುತ್ತದೆ. ಪ್ರತಿ ಘಟಕವೂ ತನ್ನ ಅಂಕಿಗಳನ್ನು ಇಟ್ಟು ಈ ಲೆಕ್ಕವನ್ನು ಮಾಡಿನೋಡುವುದು ಸೂಕ್ತ. ಕಳೆದ ಒಂದು ವರ್ಷದಲ್ಲಿ ಯಾರು ಬಿಟ್ಟರು, ಎಷ್ಟು ತಿಂಗಳಿಗೆ ಬಿಟ್ಟರು, ಏಕೆ ಬಿಟ್ಟರು ಎಂಬ ಮೂರು ಅಂಕಣಗಳ ಒಂದು ಪಟ್ಟಿ ಇದಕ್ಕೆ ಸಾಕು.

ಕಾನೂನಿನ ಚೌಕಟ್ಟು

ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯು 1979ರಲ್ಲಿ ಅಂಗೀಕಾರಗೊಂಡಿತು. ಗುತ್ತಿಗೆದಾರರ ಮೂಲಕ ನೇಮಕಗೊಂಡ ಐವರು ಅಥವಾ ಹೆಚ್ಚು ವಲಸೆ ಕಾರ್ಮಿಕರಿದ್ದ ಸಂಸ್ಥೆಗಳಿಗೆ ಅದು ಅನ್ವಯಿಸುತ್ತಿತ್ತು. ಒಂದೇ ಬಗೆಯ ಕೆಲಸ ಮಾಡುವ ಇತರರಿಗಿಂತ ಕಡಿಮೆ ವೇತನ ಕೊಡಬಾರದೆಂಬ ತತ್ವವನ್ನು ಅದು ಎತ್ತಿಹಿಡಿದಿತ್ತು. ಆದರೆ ತಾನಾಗಿಯೇ ರೈಲು ಹತ್ತಿ ಬಂದವನು ಅದರ ವ್ಯಾಪ್ತಿಗೆ ಬರುತ್ತಿರಲಿಲ್ಲ. ಬಹುಪಾಲು ಜನ ಹಾಗೆಯೇ ಬರುತ್ತಿದ್ದುದರಿಂದ ಕಾಯ್ದೆಯು ಹೆಚ್ಚಾಗಿ ಕಾಗದದ ಮೇಲೆಯೇ ಉಳಿಯಿತು.

29 ಕಾರ್ಮಿಕ ಕಾನೂನುಗಳನ್ನು ಒಗ್ಗೂಡಿಸಿದ ನಾಲ್ಕು ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದವು. ಅವುಗಳಲ್ಲಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆಯು 1979ರ ಕಾಯ್ದೆಯ ಸ್ಥಾನವನ್ನು ಪಡೆಯಿತು. ಉದ್ಯಮಿಗಳು ಗಮನಿಸಬೇಕಾದ ಮುಖ್ಯಾಂಶಗಳು ಹೀಗಿವೆ:

1. ಗುತ್ತಿಗೆದಾರರ ಮೂಲಕ ಬಂದವರಷ್ಟೇ ಅಲ್ಲದೆ, ನೇರವಾಗಿ ನೇಮಕಗೊಂಡವರೂ, ಸ್ವಂತವಾಗಿ ಬಂದು ಕೆಲಸ ಪಡೆದವರೂ ವಲಸೆ ಕಾರ್ಮಿಕರ ವ್ಯಾಖ್ಯೆಯಲ್ಲಿ ಸೇರುತ್ತಾರೆ. ವೇತನದ ಮಿತಿ ಮಾಸಿಕ ರೂ. 18,000 ಅಥವಾ ಕೇಂದ್ರ ಸರ್ಕಾರ ಅಧಿಸೂಚಿಸುವ ಹೆಚ್ಚಿನ ಮೊತ್ತ.

2. ವಲಸೆ ಕಾರ್ಮಿಕರಿಗೆ ಸಂಬಂಧಿಸಿದ ಅಧ್ಯಾಯವು ಹತ್ತು ಅಥವಾ ಹೆಚ್ಚು ಅಂತಹ ಕಾರ್ಮಿಕರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಊರಿಗೆ ಹೋಗಿಬರುವ ಪ್ರಯಾಣ ಭತ್ಯೆಯನ್ನು ಮಾಲೀಕರು ಕೊಡತಕ್ಕದ್ದು.

3. ಸಂಹಿತೆಯ ವ್ಯಾಪ್ತಿಗೆ ಬರುವ ಸಂಸ್ಥೆಗಳು ಪ್ರತಿಯೊಬ್ಬ ಉದ್ಯೋಗಿಗೂ ನೇಮಕಾತಿ ಪತ್ರ ನೀಡುವುದು ಕಡ್ಡಾಯ.

4. ಗುತ್ತಿಗೆದಾರನು ವೇತನ ಕೊಡದೆ ಹೋದಲ್ಲಿ ಅದನ್ನು ಪಾವತಿಸುವ ಹೊಣೆ ಮೂಲ ಮಾಲೀಕನದು. ಗುತ್ತಿಗೆದಾರನಿಗೆ ಹಣ ಸಂದಾಯವಾಗಿದೆ ಎಂಬ ಉತ್ತರ ಇಲ್ಲಿ ನಡೆಯದು.

ಘಟಕಕ್ಕೆ ಯಾವ ನಿಯಮ ಹೇಗೆ ಅನ್ವಯಿಸುತ್ತದೆಂಬುದನ್ನು ಕಾರ್ಮಿಕ ಇಲಾಖೆಯಲ್ಲಿ ಅಥವಾ ಸಲಹೆಗಾರರಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳುವುದು ಒಳಿತು. ಕಾನೂನಿನ ಮಿತಿಯ ಹೊರಗುಳಿದ ಸಣ್ಣ ಘಟಕಗಳಿಗೂ, ಹೆಚ್ಚಿನ ವೇತನ ಪಡೆಯುವ ಕುಶಲ ಕಾರ್ಮಿಕರಿಗೂ ಇದೇ ಪದ್ಧತಿಯನ್ನು ಅನುಸರಿಸಲು ಯಾವ ಅಡ್ಡಿಯೂ ಇಲ್ಲ.

ಸೌಲಭ್ಯಗಳನ್ನು ಜೊತೆಯಲ್ಲಿ ಕೊಂಡೊಯ್ಯುವ ವ್ಯವಸ್ಥೆಯೂ ಈಗ ಸುಧಾರಿಸಿದೆ. ಭವಿಷ್ಯ ನಿಧಿಯ ಸಾರ್ವತ್ರಿಕ ಖಾತೆ ಸಂಖ್ಯೆಯು 2014ರಿಂದ ಬಳಕೆಯಲ್ಲಿದ್ದು, ಕೆಲಸ ಬದಲಾದರೂ ಅದೇ ಸಂಖ್ಯೆ ಮುಂದುವರಿಯುತ್ತದೆ. ಒಂದು ದೇಶ ಒಂದು ಪಡಿತರ ಚೀಟಿ ಯೋಜನೆಯು 2022ರ ಜೂನ್ ವೇಳೆಗೆ ಎಲ್ಲ ರಾಜ್ಯಗಳನ್ನೂ ಒಳಗೊಂಡಿತು. ಬಿಹಾರದ ಚೀಟಿಗೆ ಬೆಂಗಳೂರಿನಲ್ಲಿ ಪಡಿತರ ಪಡೆಯಬಹುದು. ಅಸಂಘಟಿತ ಕಾರ್ಮಿಕರಿಗಾಗಿ ಇ-ಶ್ರಮ್ ನೋಂದಣಿಯು 2021ರ ಆಗಸ್ಟ್ 26ರಂದು ಆರಂಭವಾಯಿತು. ಇವುಗಳ ಅರಿವು ಅನೇಕ ಕಾರ್ಮಿಕರಿಗಿಲ್ಲ. ಕಾರ್ಖಾನೆಯ ಗುಮಾಸ್ತನು ಅರ್ಧ ದಿನ ವಿನಿಯೋಗಿಸಿದರೆ ಒಂದು ಕುಟುಂಬದ ಅಕ್ಕಿ ಬೇಳೆಯ ಚಿಂತೆ ನೀಗುತ್ತದೆ.

ಅನ್ಯರ ಅನುಭವ

ನೆರೆಯ ಕೇರಳದ ಅನುಭವ ಇಲ್ಲಿ ಮನನೀಯ. ಅಲ್ಲಿನ ಗುಲಾಟಿ ಹಣಕಾಸು ಮತ್ತು ತೆರಿಗೆ ಸಂಸ್ಥೆಯ 2013ರ ಅಧ್ಯಯನವು ರಾಜ್ಯದಲ್ಲಿ ಸುಮಾರು 25 ಲಕ್ಷ ಹೊರರಾಜ್ಯದ ಕಾರ್ಮಿಕರಿದ್ದಾರೆಂದು ಅಂದಾಜಿಸಿತ್ತು. ಪೆರುಂಬಾವೂರಿನ ಪ್ಲೈವುಡ್ ಉದ್ಯಮ ಬಹುತೇಕ ಅವರ ದುಡಿಮೆಯಿಂದಲೇ ನಡೆಯುತ್ತದೆ. ಕೇರಳವು 2010ರಲ್ಲಿಯೇ ವಲಸೆ ಕಾರ್ಮಿಕರಿಗೆ ಪ್ರತ್ಯೇಕ ಕಲ್ಯಾಣ ಯೋಜನೆಯನ್ನು ರೂಪಿಸಿತು. 2017ರಲ್ಲಿ ಆವಾಜ್ ಎಂಬ ವಿಮಾ ಯೋಜನೆ ಬಂದಿತು. ಅದೇ ವರ್ಷ ರಾಜ್ಯದ ಸಾಕ್ಷರತಾ ಮಿಷನ್ ಪೆರುಂಬಾವೂರಿನಲ್ಲಿ ಚಙಾತಿ ಎಂಬ ಹೆಸರಿನಲ್ಲಿ ಕಾರ್ಮಿಕರಿಗೆ ಮಲಯಾಳಂ ಕಲಿಸಲು ಮುಂದಾಯಿತು. ಎರ್ನಾಕುಲಂ ಜಿಲ್ಲೆಯ ರೋಶ್ನಿ ಯೋಜನೆಯು ಅವರ ಮಕ್ಕಳನ್ನು ಸರ್ಕಾರಿ ಶಾಲೆಗಳಲ್ಲಿ ಉಳಿಸಿಕೊಳ್ಳಲು ಶ್ರಮಿಸಿತು. ಪಾಲಕ್ಕಾಡಿನ ಕಂಜಿಕೋಡ್ ಕೈಗಾರಿಕಾ ಪ್ರದೇಶದಲ್ಲಿ 2019ರಲ್ಲಿ 640 ಮಂದಿಗೆ ವಸತಿ ಕಲ್ಪಿಸುವ ಅಪ್ನಾ ಘರ್ ತೆರೆಯಿತು. ಎಲ್ಲ ಸಮಸ್ಯೆಗಳೂ ಪರಿಹಾರವಾಗಿವೆಯೆಂದಲ್ಲ. ಆದರೆ ವಿಮೆ, ಭಾಷೆ, ಶಾಲೆ, ವಸತಿ ಈ ನಾಲ್ಕನ್ನೂ ಒಟ್ಟಾಗಿ ನೋಡಿದ್ದು ಗಮನಾರ್ಹ.

ಪಶ್ಚಿಮ ಜರ್ಮನಿಯ ಇತಿಹಾಸ ಎಚ್ಚರಿಕೆಯ ಪಾಠ ಹೇಳುತ್ತದೆ. 1955ರಲ್ಲಿ ಇಟಲಿಯೊಂದಿಗೆ, 1961ರಲ್ಲಿ ಟರ್ಕಿಯೊಂದಿಗೆ ಒಪ್ಪಂದ ಮಾಡಿಕೊಂಡು ಆ ದೇಶವು ತನ್ನ ಕಾರ್ಖಾನೆಗಳಿಗೆ ಅತಿಥಿ ಕಾರ್ಮಿಕರನ್ನು ಕರೆತಂದಿತು. ಬಂದವರು ಕೆಲ ವರ್ಷ ದುಡಿದು ಹೋಗುವರೆಂಬ ಎಣಿಕೆಯಿಂದ ಭಾಷೆ ಕಲಿಸುವ ಗೋಜಿಗೆ ಹೋಗಲಿಲ್ಲ. 1973ರಲ್ಲಿ ನೇಮಕಾತಿ ನಿಂತಿತು. ಆದರೆ ಲಕ್ಷಾಂತರ ಮಂದಿ ಅಲ್ಲಿಯೇ ನೆಲೆಸಿದರು. ಅವರ ಮಕ್ಕಳು ಶಾಲೆಯಲ್ಲೂ ಉದ್ಯೋಗದಲ್ಲೂ ಹಿಂದುಳಿದರು. 2005ರಲ್ಲಿ ಸರ್ಕಾರ ಸುಮಾರು 600 ಗಂಟೆಗಳ ಭಾಷಾ ಪಾಠವನ್ನೊಳಗೊಂಡ ತರಗತಿಗಳನ್ನು ಆರಂಭಿಸಿತು. ಇಂದು ಅದೇ ಜರ್ಮನಿ ಕುಶಲ ಕೆಲಸಗಾರರಿಗಾಗಿ ಭಾರತದತ್ತ ನೋಡುತ್ತಿದೆ. ಮೊದಲ ದಿನವೇ ಮಾಡಬೇಕಿದ್ದ ಕೆಲಸವನ್ನು ಹಲವು ದಶಕಗಳ ನಂತರ ಮಾಡಿದರೆ ಅದರ ಬೆಲೆ ಬಹಳ ಹೆಚ್ಚು.

ಸ್ಥಳೀಯರ ಹಕ್ಕು, ವಲಸಿಗರ ನ್ಯಾಯ

ಈ ಚರ್ಚೆಯಲ್ಲಿ ಸ್ಥಳೀಯರ ಪ್ರಶ್ನೆಯನ್ನು ಬದಿಗಿಡಲಾಗದು. ಸರೋಜಿನಿ ಮಹಿಷಿ ವರದಿಯ ಕಾಲದಿಂದಲೂ ಕನ್ನಡಿಗರಿಗೆ ಉದ್ಯೋಗದಲ್ಲಿ ಆದ್ಯತೆಯ ಬೇಡಿಕೆ ಜೀವಂತವಾಗಿದೆ. 2024ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟವು ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ಶೇ. 50 ಮತ್ತು ಇತರ ಹುದ್ದೆಗಳಲ್ಲಿ ಶೇ. 70 ಸ್ಥಾನಗಳನ್ನು ಸ್ಥಳೀಯರಿಗೆ ಮೀಸಲಿಡುವ ಮಸೂದೆಗೆ ಒಪ್ಪಿಗೆ ನೀಡಿ, ಉದ್ಯಮ ವಲಯದ ಆಕ್ಷೇಪದ ನಂತರ ಅದನ್ನು ತಡೆಹಿಡಿಯಿತು. ಹರಿಯಾಣದ ಶೇ. 75 ಮೀಸಲಾತಿ ಕಾನೂನನ್ನು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2023ರ ನವೆಂಬರ್‌ನಲ್ಲಿ ಅಸಿಂಧುಗೊಳಿಸಿತ್ತು.

ಕಾನೂನಿನ ವಾದ ಏನೇ ಇರಲಿ, ಸ್ಥಳೀಯರ ಅಸಮಾಧಾನಕ್ಕೆ ಆಧಾರವಿಲ್ಲವೆಂದು ಉದ್ಯಮಿಗಳು ಭಾವಿಸಬಾರದು. ವಲಸೆ ಕಾರ್ಮಿಕನಿಗೆ ಕಡಿಮೆ ಕೂಲಿ ಕೊಟ್ಟು ಹೆಚ್ಚು ಗಂಟೆ ದುಡಿಸಿಕೊಳ್ಳಲು ಸಾಧ್ಯವಿರುವವರೆಗೆ ಸ್ಥಳೀಯನು ಆ ಕೆಲಸಕ್ಕೆ ಬರಲಾರ. ಅಂದರೆ ವಲಸಿಗನಿಗೆ ಆಗುವ ಅನ್ಯಾಯವೇ ಸ್ಥಳೀಯನಿಗೆ ಬಾಗಿಲು ಮುಚ್ಚುತ್ತದೆ. ಸಮಾನ ಕೆಲಸಕ್ಕೆ ಸಮಾನ ವೇತನವೂ, ಅಧಿಕ ಅವಧಿಯ ದುಡಿಮೆಗೆ ನಿಯಮದಂತೆ ಇಮ್ಮಡಿ ದರವೂ ಇಬ್ಬರನ್ನೂ ಒಟ್ಟಿಗೆ ರಕ್ಷಿಸುತ್ತವೆ. ಇಬ್ಬರ ನಡುವೆ ಪೈಪೋಟಿ ಹುಟ್ಟಿಸಿ ಕೂಲಿ ಇಳಿಸುವ ಉಪಾಯ ಕೆಲಕಾಲ ಲಾಭ ತಂದಂತೆ ಕಂಡರೂ ಕೊನೆಗೆ ಕೌಶಲವಿಲ್ಲದ ಕಾರ್ಖಾನೆಯನ್ನೇ ಉಳಿಸುತ್ತದೆ.

ಸಣ್ಣ ಘಟಕಗಳು ಕೈಗೊಳ್ಳಬಹುದಾದ ಕ್ರಮಗಳು

1. ಬರವಣಿಗೆಯಲ್ಲಿ ನೇಮಕ: ವೇತನ, ಕೆಲಸದ ವೇಳೆ, ವಾರದ ರಜೆ, ಕಡಿತಗಳನ್ನು ಕಾರ್ಮಿಕನಿಗೆ ತಿಳಿಯುವ ಭಾಷೆಯಲ್ಲಿ ಬರೆದುಕೊಡಬೇಕು. ವೇತನವು ಅವನ ಸ್ವಂತ ಬ್ಯಾಂಕ್ ಖಾತೆಗೆ ಸಂದಾಯವಾಗಬೇಕು.

2. ಕೌಶಲದ ಪರೀಕ್ಷೆ: ಹೊಸಬನಿಗೆ ಮೊದಲ ವಾರದಲ್ಲಿಯೇ ಕೈಕೆಲಸದ ಪರೀಕ್ಷೆ ನೀಡಿ, ಅವನ ನಿಜವಾದ ದರ್ಜೆಗೆ ತಕ್ಕ ವೇತನ ನಿಗದಿಪಡಿಸಬೇಕು. ಅನುಭವದಿಂದ ಕಲಿತ ಕೌಶಲವನ್ನು ಪರಿಶೀಲಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿದೆ.

3. ಶಿಶಿಕ್ಷು ತರಬೇತಿ: 1961ರ ಕಾಯ್ದೆಯಡಿ 30 ಅಥವಾ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆಗಳಿಗೆ ಶಿಶಿಕ್ಷುಗಳ ನೇಮಕ ಕಡ್ಡಾಯ, 4ರಿಂದ 29 ಉದ್ಯೋಗಿಗಳಿರುವ ಘಟಕಗಳಿಗೆ ಐಚ್ಛಿಕ. ಐಟಿಐ ಮುಗಿಸಿದ ಸ್ಥಳೀಯ ಯುವಕನನ್ನು ಅನುಭವಿ ವಲಸೆ ಕಾರ್ಮಿಕನ ಜೊತೆಗೂಡಿಸಿದರೆ ಒಬ್ಬನಿಂದ ಕೈಚಳಕವೂ ಇನ್ನೊಬ್ಬನಿಂದ ಕನ್ನಡವೂ ಪರಸ್ಪರ ವಿನಿಮಯವಾಗುತ್ತವೆ. ಬೆಂಗಳೂರಿನಲ್ಲಿ 1972ರಲ್ಲಿ ಸ್ಥಾಪನೆಯಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು ಇಂದು ರಾಜ್ಯದ ಹಲವು ಊರುಗಳಲ್ಲಿದ್ದು, ಹೆಚ್ಚಿನ ತರಬೇತಿಗೆ ನೆರವಾಗಬಲ್ಲದು.

4. ಸುರಕ್ಷತೆ ಮತ್ತು ಭಾಷೆ: ಪವರ್ ಪ್ರೆಸ್ಸಿನ ಮುಂದೆ ನಿಂತವನಿಗೆ "ನಿಲ್ಲಿಸು" ಎಂಬ ಕೂಗು ಅರ್ಥವಾಗದಿದ್ದರೆ ಹೋಗುವುದು ಬೆರಳು. ಎಚ್ಚರಿಕೆಯ ಫಲಕಗಳು ಕನ್ನಡದ ಜೊತೆಗೆ ಕಾರ್ಮಿಕರ ಭಾಷೆಯಲ್ಲಿಯೂ, ಚಿತ್ರಗಳ ಸಹಿತವೂ ಇರಬೇಕು. ಯಂತ್ರ, ಅಳತೆ, ಅಪಾಯ, ಸಂತೆ, ಆಸ್ಪತ್ರೆಗಳಿಗೆ ಸಂಬಂಧಿಸಿದ ನೂರಿನ್ನೂರು ಕನ್ನಡ ಪದಗಳನ್ನು ದಿನಕ್ಕೆ ಹತ್ತು ನಿಮಿಷದಂತೆ ಕಲಿಸಬಹುದು. ಕನ್ನಡವು ಹೇರಿಕೆಯಾಗದೆ ಅವನ ಕೈಯ ಉಪಕರಣವಾದಾಗ ಬೇಗ ಕಲಿಯುತ್ತಾನೆ.

5. ವಸತಿ: ಒಂದು ಕೋಣೆಯಲ್ಲಿ ಹತ್ತು ಮಂದಿ ಪಾಳಿಯಂತೆ ಮಲಗುವ ಸ್ಥಿತಿಯಲ್ಲಿ ನಿದ್ರೆಯೂ ಇಲ್ಲ, ಕೆಲಸದಲ್ಲಿ ಗಮನವೂ ಇಲ್ಲ. ಒಂದೇ ಕೈಗಾರಿಕಾ ಪ್ರದೇಶದ ನಾಲ್ಕಾರು ಘಟಕಗಳು ಸೇರಿ ಕಟ್ಟಡವೊಂದನ್ನು ಬಾಡಿಗೆಗೆ ಪಡೆದರೆ ಭಾರ ಹಂಚಿಹೋಗುತ್ತದೆ.

6. ಆರೋಗ್ಯ ಮತ್ತು ಶಾಲೆ: ಹತ್ತು ಅಥವಾ ಹೆಚ್ಚು ಉದ್ಯೋಗಿಗಳಿರುವ ಘಟಕಗಳು ಅರ್ಹರನ್ನು ರಾಜ್ಯ ವಿಮಾ ಯೋಜನೆಗೆ ತಪ್ಪದೆ ಸೇರಿಸಬೇಕು. ಕುಟುಂಬದೊಂದಿಗೆ ಬಂದವರ ಮಕ್ಕಳಿಗೆ 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಶಾಲೆ ನಿರಾಕರಿಸುವಂತಿಲ್ಲ. ಮಗು ಶಾಲೆಗೆ ಹೋದರೆ ತಂದೆ ನಡುವರ್ಷದಲ್ಲಿ ಊರು ಬಿಡಲು ಹಿಂಜರಿಯುತ್ತಾನೆ.

7. ರಜೆಯ ಯೋಜನೆ: ಛಠ್, ಹೋಳಿ, ರಥಯಾತ್ರೆ, ಬಿಹು ಹಬ್ಬಗಳ ದಿನಗಳನ್ನು ವರ್ಷದ ಆರಂಭದಲ್ಲೇ ಗುರುತಿಸಿ ಸರದಿಯಂತೆ ರಜೆ ಕೊಟ್ಟರೆ, ಹೇಳದೆ ಹೋಗುವವರು ಹೇಳಿ ಹೋಗುತ್ತಾರೆ, ಹೇಳಿ ಹೋದವರು ಮರಳಿ ಬರುತ್ತಾರೆ.

ಉಪಸಂಹಾರ

ಇವೆಲ್ಲವನ್ನೂ ಒಂದೇ ಬಾರಿಗೆ ಕೈಗೊಳ್ಳುವುದು ಪ್ರತಿ ಘಟಕಕ್ಕೂ ಸಾಧ್ಯವಾಗದಿರಬಹುದು. ನೇಮಕಾತಿ ಪತ್ರ, ಸಕಾಲಕ್ಕೆ ವೇತನ, ರಜೆಯ ಪಟ್ಟಿ ಈ ಮೂರಕ್ಕೆ ಬಂಡವಾಳ ಬೇಕಿಲ್ಲ, ಇವುಗಳಿಂದ ಆರಂಭಿಸಬಹುದು. ವಸತಿ, ಭಾಷಾ ತರಗತಿ, ತರಬೇತಿಗಳಂತಹ ಕಾರ್ಯಗಳನ್ನು ಕೈಗಾರಿಕಾ ಪ್ರದೇಶಗಳ ಸಂಘಗಳೂ ವಾಣಿಜ್ಯ ಮಂಡಳಿಗಳೂ ಸಾಮೂಹಿಕವಾಗಿ ಕೈಗೆತ್ತಿಕೊಳ್ಳುವುದು ಯುಕ್ತ.

ಯಂತ್ರವನ್ನು ಸಾಲ ಮಾಡಿಯಾದರೂ ಕೊಳ್ಳಬಹುದು, ಕಚ್ಚಾ ಸರಕನ್ನು ಬೇರೆಡೆಯಿಂದ ತರಿಸಬಹುದು. ಯಂತ್ರದ ಸದ್ದಿನಲ್ಲಿಯೇ ದೋಷವನ್ನು ಗುರುತಿಸುವ ಕೆಲಸಗಾರನನ್ನು ಮಾತ್ರ ಕೊಳ್ಳಲಾಗದು, ಬೆಳೆಸಬೇಕು, ಉಳಿಸಿಕೊಳ್ಳಬೇಕು. ಮುಂದಿನ ಹಬ್ಬಕ್ಕೆ ಊರಿಗೆ ಹೊರಟವನು ಹಿಂತಿರುಗುವ ಟಿಕೆಟನ್ನೂ ಜೊತೆಗೇ ಕಾದಿರಿಸಿದ್ದರೆ ಆ ಘಟಕದ ಕೌಶಲದ ಕೊರತೆ ನೀಗತೊಡಗಿದೆಯೆಂದು ತಿಳಿಯಬಹುದು.